ಕ್ರಿಯಾಪದಕ್ಕೊಂದು ಬಾಲಂಗೋಚಿ

— ‘ಬ್ರಿಂಗ್ ಫಾರ್ವರ್ಡ್’ ಅಂದರೆ ಮುಂದಕ್ಕೆ ಹಾಕುವುದು ತಾನೇ?

— ಅಲ್ಲ, ಬೇಗ ಮಾಡುವುದು. ಶುಕ್ರವಾರದ ಸಭೆಯನ್ನು ಮಂಗಳವಾರಕ್ಕೆ ‘ಬ್ರಾಟ್ ಫಾರ್ವರ್ಡ್’ ಎಂದು ಮೇಲ್ ಬಂದರೆ, ಅದೇ ವಾರದ ಮಂಗಳವಾರ ಹೋಗಿ ಕೂರಬೇಕು. ಮುಂದಿನ ವಾರದ್ದಲ್ಲ.

— ನಮ್ಮ ಆಫೀಸಿನಲ್ಲಿ ಇದೇ ಮಾತಿಗೆ ಇಬ್ಬರು ವಾದಕ್ಕೆ ಬಿದ್ದರು. ಒಬ್ಬ ಅಂದ: ‘ಫಾರ್ವರ್ಡ್’ ಅಂದರೆ ಮುಂದೆ, ‘ಬ್ರಿಂಗ್’ ಅಂದರೆ ತಾ, ಅಲ್ಲಿಗೆ ಸಭೆ ಮುಂದಕ್ಕೆ ಹೋಯಿತು. ಎರಡೂ ಪದದ ಅರ್ಥ ಸರಿಯಾಗಿಯೇ ಹೇಳಿದ. ಒಟ್ಟು ಅರ್ಥ ಮಾತ್ರ ತಿರುಗಾಮುರುಗಾ ಆಯಿತು.

— ಅವನು ಕನ್ನಡದಲ್ಲಿ ಯೋಚಿಸಿದ. ನಮ್ಮಲ್ಲಿ ಪರೀಕ್ಷೆ ಮುಂದೂಡಿದರು ಅಂದರೆ ತಡವಾಯಿತು ಎಂದೇ ಅರ್ಥ. ನಾವು ಕಾಲದೊಳಕ್ಕೆ ನಡೆದುಕೊಂಡು ಹೋಗುತ್ತಿದ್ದೇವೆ, ಮುಂದಿರುವುದು ಇನ್ನೂ ಬರಬೇಕಾದದ್ದು. ‘ಬ್ರಿಂಗ್ ಫಾರ್ವರ್ಡ್’ನಲ್ಲಿ ನಡೆಯುತ್ತಿರುವವರು ನಾವಲ್ಲ, ಆ ದಿನವೇ ನಮ್ಮ ಕಡೆ ನಡೆದು ಬರುತ್ತಿದೆ. ಅದಕ್ಕೆ ಮುಂದೆ ಎಂದರೆ ನಮಗೆ ಹತ್ತಿರ.

— ಕನ್ನಡ ನೇರವಾಗಿದೆ, ಇಂಗ್ಲಿಷ್ ಸೊಟ್ಟಗಿದೆ ಎಂದಾಯಿತು.

— ಅಷ್ಟು ಬೇಗ ಕನ್ನಡಕ್ಕೆ ಪದಕ ಕೊಡಬೇಡ. ಮುಂದಿನ ದಿನ ಅಂದರೆ ನಾಳೆ. ಹಬ್ಬದ ಮುನ್ನಾದಿನ ಅಂದರೆ?

— ಹಿಂದಿನ ದಿನ.

— ಎರಡಕ್ಕೂ ಬೇರು ಒಂದೇ. ಮುಂದೆ, ಮುಂಚೆ, ಮುನ್ನ ಎಲ್ಲ ಒಂದೇ ಮನೆಯವು. ಮುಂದೆ ಬರುವುದು ಎಂದಾಗ ಭವಿಷ್ಯ, ಮುಂಚೆ ಬಂದದ್ದು ಎಂದಾಗ ಭೂತ. ನಮಗೆ ಅದು ಗೊಂದಲ ಅನ್ನಿಸುವುದಿಲ್ಲ, ಏಕೆಂದರೆ ಹುಟ್ಟಿನಿಂದ ಆಡಿಕೊಂಡು ಬಂದಿದ್ದೇವೆ. ಇಂಗ್ಲಿಷ್ ಮನೆಮಾತಿನವರೂ ಇದರಲ್ಲಿ ಎಡವುತ್ತಾರೆ. ಮನಶ್ಶಾಸ್ತ್ರಜ್ಞರು ಕೇಳುವ ಒಂದು ಪ್ರಸಿದ್ಧ ಪ್ರಶ್ನೆಯಿದೆ. ಬರುವ ಬುಧವಾರದ ಸಭೆಯನ್ನು ಎರಡು ದಿನ ‘ಮೂವ್ಡ್ ಫಾರ್ವರ್ಡ್’ ಮಾಡಲಾಗಿದೆ, ಈಗ ಸಭೆ ಯಾವತ್ತು? ಕೆಲವರು ಸೋಮವಾರ ಅನ್ನುತ್ತಾರೆ, ಕೆಲವರು ಶುಕ್ರವಾರ. ಲೆರಾ ಬೊರೊಡಿಟ್‌ಸ್ಕಿ ಮತ್ತು ಮೈಕೆಲ್ ರ್‍ಯಾಮ್ಸ್ಕರ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ವಿಮಾನ ನಿಲ್ದಾಣದಲ್ಲೂ ಕೇಳಿದರು. ಆಗಷ್ಟೇ ವಿಮಾನ ಇಳಿದು ಬಂದವರಲ್ಲಿ ಶುಕ್ರವಾರ ಎಂದವರು ಹೆಚ್ಚು. ಯಾರನ್ನೋ ಕರೆದೊಯ್ಯಲು ಬಂದು ಕಾಯುತ್ತ ನಿಂತವರಲ್ಲಿ ಕಡಿಮೆ. ತಾವು ಚಲಿಸಿ ಬಂದವರಿಗೆ ‘ಫಾರ್ವರ್ಡ್’ ತಮ್ಮ ದಾರಿಯಾಗಿ ಕಂಡಿತು, ನಿಂತವರಲ್ಲಿ ಹಲವರಿಗೆ ಎದುರಿನಿಂದ ಬರುವವರ ದಾರಿಯಾಗಿ ಕಂಡಿತು. ‘ಮೂವ್’ ಜೊತೆಗೆ ಈ ಅನುಮಾನ ಇವತ್ತಿಗೂ ಉಳಿದಿದೆ. ‘ಬ್ರಿಂಗ್’ ಜೊತೆಗೆ ಇಲ್ಲ. ಅದನ್ನು ಬಳಕೆ ತೀರ್ಮಾನಿಸಿಬಿಟ್ಟಿದೆ.

— ಅದಕ್ಕೇ ನಾವು ‘ಪ್ರಿಪೋನ್’ ಅನ್ನುತ್ತೇವೆ. ಜಗಳವೇ ಇಲ್ಲ.

— ಒಳ್ಳೆಯ ಪದ. ಭಾರತದಲ್ಲಿ ಬೆಳೆದು ಆಕ್ಸ್‌ಫರ್ಡ್ ನಿಘಂಟಿಗೂ ಹೋಗಿ ಕೂತಿದೆ. ಬಳಸಲು ನಾಚಿಕೆ ಬೇಡ.

— ನನ್ನ ದೂರು ಒಂದು ಪದದ ಬಗ್ಗೆ ಅಲ್ಲ. ಬಸ್ ಸ್ಟ್ಯಾಂಡಿನಲ್ಲಿ ಸಿಗುವ ಇಂಗ್ಲಿಷ್ ಕಲಿಸುವ ಪುಸ್ತಕ ತೆರೆದರೆ ಕೊನೆಯಲ್ಲಿ ಫ್ರೇಸಲ್ ವರ್ಬ್‌ಗಳ ಪಟ್ಟಿ. ‘ಗೆಟ್’ಗೆ ಒಂದು ಪುಟ, ‘ಟೇಕ್’ಗೆ ಒಂದು ಪುಟ. ‘ಗೆಟ್’ ಗೊತ್ತು, ‘ಓವರ್’ ಗೊತ್ತು. ‘ಗೆಟ್ ಓವರ್’ ಅಂದರೆ ಜ್ವರದಿಂದಲೋ ದುಃಖದಿಂದಲೋ ಚೇತರಿಸಿಕೊಳ್ಳುವುದು ಎಂದು ಯಾರಿಗೆ ಹೊಳೆಯಬೇಕು? ಕಬ್ಬಿಣದ ಕಡಲೆ ಅಂದರೆ ಇದೇ.

— ಪಟ್ಟಿ ತಪ್ಪಲ್ಲ, ಜೋಡಿಸಿದ ರೀತಿ ತಪ್ಪು. ಕ್ರಿಯಾಪದದ ಕೆಳಗೆ ಎಲ್ಲವನ್ನೂ ಪೇರಿಸಿಟ್ಟರೆ ‘ಗೆಟ್’ ಎಂಬ ಪದಕ್ಕೆ ಇಪ್ಪತ್ತು ಸಂಬಂಧವಿಲ್ಲದ ಅರ್ಥ ಇದ್ದಂತೆ ಕಾಣುತ್ತದೆ. ಅರ್ಥದ ಬಹುಪಾಲು ಕೆಲಸ ಮಾಡುತ್ತಿರುವುದು ಹಿಂದೆ ನಿಂತ ಚಿಕ್ಕ ಪದ. ಅದನ್ನು ನಾವು ಬಾಲಂಗೋಚಿ ಎಂದು ಕಡೆಗಣಿಸುತ್ತೇವೆ. ಒಮ್ಮೆ ಕ್ರಿಯಾಪದವನ್ನು ಹಾಗೇ ಇಟ್ಟು ಬಾಲಂಗೋಚಿಯನ್ನು ಮಾತ್ರ ಬದಲಾಯಿಸಿ ನೋಡು. ‘ಥ್ರೋ ದ ಬಾಲ್ ಟು ದ ಡಾಗ್’ ಅಂದರೆ?

— ನಾಯಿಯ ಕಡೆ ಚೆಂಡು ಎಸೆ.

— ಆಟ. ‘ಥ್ರೋ ದ ಬಾಲ್ ಅಟ್ ದ ಡಾಗ್’?

— ನಾಯಿಗೆ ಹೊಡೆ!

— ‘ಟು’ ಆದರೆ ಆ ಕಡೆ ತೆಗೆದುಕೊಳ್ಳುವವರು ಇದ್ದಾರೆ, ‘ಅಟ್’ ಆದರೆ ಆ ಕಡೆ ಇರುವುದು ಗುರಿ. ‘ಶೌಟ್ ಟು’ ಎಂದರೆ ದೂರದಲ್ಲಿದ್ದವನಿಗೆ ಕೇಳಲಿ ಎಂದು ಕೂಗುವುದು, ‘ಶೌಟ್ ಅಟ್’ ಎಂದರೆ ಎದುರಿಗೇ ಇದ್ದವನ ಮೇಲೆ ರೇಗುವುದು. ಇನ್ನೂ ಸೂಕ್ಷ್ಮವಾದದ್ದು ‘ಶಾಟ್ ದ ಟೈಗರ್’ ಮತ್ತು ‘ಶಾಟ್ ಅಟ್ ದ ಟೈಗರ್’. ಮೊದಲನೆಯದರಲ್ಲಿ ಹುಲಿಗೆ ಗುಂಡು ತಗುಲಿದೆ. ಎರಡನೆಯದರಲ್ಲಿ ಗುಂಡು ಹಾರಿದೆ ಅಷ್ಟೇ. ಹುಲಿ ಬದುಕಿ ಕಾಡಿಗೆ ಹೋಗಿರಬಹುದು. ಎರಡಕ್ಷರದ ‘ಅಟ್’ ಮಾಡಿದ ಕೆಲಸ ಅದು.

— ಇದು ಹಿಡಿಸಿತು. ಆದರೆ ಇವು ಬರೀ ಪ್ರಿಪೊಸಿಷನ್ ಅಲ್ಲವೇ? ಫ್ರೇಸಲ್ ವರ್ಬ್ ಹೇಗಾಗುತ್ತವೆ?

— ಗಡಿ ಅಲ್ಲೇ ಮಸುಕಾಗುವುದು. ‘ಲುಕ್’ ತೆಗೆದುಕೋ. ‘ಲುಕ್ ಅಟ್’ನಲ್ಲಿ ದೃಷ್ಟಿ ಹೋಗಿ ಒಂದು ಕಡೆ ತಾಗಿ ನಿಂತಿತು. ‘ಲುಕ್ ಫಾರ್’ನಲ್ಲಿ ವಸ್ತು ಇನ್ನೂ ಸಿಕ್ಕಿಲ್ಲ, ಬೇಕಾಗಿದೆ, ಆದ್ದರಿಂದ ಹುಡುಕುವುದು. ‘ಲುಕ್ ಇಂಟು’ನಲ್ಲಿ ಒಳಗಿಳಿದು ನೋಡುವುದು, ಅದು ತನಿಖೆ. ‘ಲುಕ್ ಆಫ್ಟರ್’ನಲ್ಲಿ ಕಣ್ಣು ಹಿಂದೆ ಹಿಂದೆಯೇ ಹೋಗುತ್ತದೆ. ಅಂಬೆಗಾಲಿಡುವ ಮಗು ಹೋದ ಕಡೆಯೆಲ್ಲ ಅಜ್ಜಿಯ ಕಣ್ಣು ಹೋಗುವುದಿಲ್ಲವೇ, ಅದು. ‘ಲುಕ್ ಡೌನ್ ಆನ್’ ಮೇಲೆ ನಿಂತು ಕೆಳಗೆ ನೋಡುವುದು, ತಾತ್ಸಾರ. ‘ಲುಕ್ ಅಪ್ ಟು’ ಕೆಳಗೆ ನಿಂತು ಮೇಲೆ ನೋಡುವುದು, ಗೌರವ. ‘ಲುಕ್ ಥ್ರೂ’ಗೆ ಎರಡು ಮುಖ. ಕಡತವನ್ನು ‘ಲುಕ್ ಥ್ರೂ’ ಮಾಡಿದರೆ ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ಕಣ್ಣಾಡಿಸಿದ್ದು. ಮನುಷ್ಯನನ್ನು ‘ಲುಕ್ ಥ್ರೂ’ ಮಾಡಿದರೆ, ಎದುರಿಗೇ ಇದ್ದವನನ್ನು ಗಾಜು ಎಂಬಂತೆ ದಾಟಿ ಆಚೆಗೆ ನೋಡಿದ್ದು. ಮದುವೆಮನೆಗಳಲ್ಲಿ ಮಾತು ಬಿಟ್ಟ ದಾಯಾದಿಗಳು ಮಾಡುವ ಕೆಲಸ.

— ಕನ್ನಡದಲ್ಲೂ ನೋಡು ಬೇರೆ, ನೋಡಿಕೋ ಬೇರೆ.

— ‘ನಾನು ನೋಡ್ಕೋತೀನಿ ಬಿಡಿ’ ಅಂದರೆ ಜವಾಬ್ದಾರಿ. ‘ನಿನ್ನ ನೋಡ್ಕೋತೀನಿ’ ಅಂತ ಹಲ್ಲು ಕಡಿದರೆ ಬೆದರಿಕೆ. ಇಂಗ್ಲಿಷಿನ ‘ಡೀಲ್ ವಿತ್’ ಕೂಡ ಹಾಗೇ. ಸಮಸ್ಯೆಯನ್ನು ‘ಡೀಲ್ ವಿತ್’ ಮಾಡಿದರೆ ನಿಭಾಯಿಸಿದ್ದು, ಮಕ್ಕಳಿಗೆ ‘ಆಮೇಲೆ ನಿನ್ನ ಜೊತೆ ಡೀಲ್ ಮಾಡ್ತೀನಿ’ ಎಂಬರ್ಥದಲ್ಲಿ ಹೇಳಿದರೆ ಪೆಟ್ಟು ಕಾದಿದೆ ಎಂದು.

— ಎಲ್ಲವನ್ನೂ ಹೀಗೆ ವಿವರಿಸಬಹುದಾದರೆ ಬಾಯಿಪಾಠವೇ ಬೇಡ.

— ತಾಳು. ಮೊದಲು ಒಂದು ವ್ಯತ್ಯಾಸ ಗಟ್ಟಿ ಮಾಡಿಕೋ, ಉಳಿದದ್ದು ಆಮೇಲೆ. ‘ಲುಕ್ ಇಂಟು’ ಮತ್ತು ‘ಲುಕ್ ಅಪ್’. ಎರಡೂ ನೋಡುವುದಕ್ಕೆ ಚಿಕ್ಕ ಪದ ಸೇರಿಸಿದ್ದೇ. ‘ಇಂಟು’ ಪ್ರಿಪೊಸಿಷನ್, ಅದು ತನ್ನ ಮುಂದಿನ ನಾಮಪದಕ್ಕೆ ಅಂಟಿಕೊಂಡದ್ದು. ‘ಲುಕ್ ಇಂಟು ದ ಕಂಪ್ಲೇಂಟ್’, ‘ಲುಕ್ ಇಂಟು ಇಟ್’. ಅವುಗಳ ನಡುವೆ ಯಾರೂ ನುಗ್ಗುವಂತಿಲ್ಲ. ‘ಅಪ್’ ಇಲ್ಲಿ ಕ್ರಿಯಾಪದಕ್ಕೆ ಅಂಟಿಕೊಂಡ ಅವ್ಯಯ. ನಿಘಂಟಿನಲ್ಲಿ ಒಂದು ಪದದ ಅರ್ಥ ಹುಡುಕುವಾಗ ‘ಲುಕ್ ಅಪ್ ದ ವರ್ಡ್’ ಎನ್ನಬಹುದು, ‘ಲುಕ್ ದ ವರ್ಡ್ ಅಪ್’ ಎನ್ನಬಹುದು. ಆದರೆ ‘ಇಟ್’ ಬಂದ ಕೂಡಲೇ ಅದು ನಡುವೆಯೇ ಕೂರಬೇಕು: ‘ಲುಕ್ ಇಟ್ ಅಪ್’. ‘ಲುಕ್ ಅಪ್ ಇಟ್’ ಎಂದು ಯಾವ ಇಂಗ್ಲಿಷಿನವನೂ ಹೇಳುವುದಿಲ್ಲ.

— ಯಾವುದು ಯಾವ ಗುಂಪು ಎಂದು ಗೊತ್ತಾಗುವುದು ಹೇಗೆ? ಕೆಲವು ಪದ ಎರಡೂ ಕಡೆ ಇರುತ್ತವಲ್ಲ.

— ‘ಆಫ್’ ಹಾಗಿನದು. ‘ಟರ್ನ್ಡ್ ಆಫ್ ದ ರೋಡ್’ ಅಂದರೆ ಗಾಡಿ ರಸ್ತೆಯಿಂದ ಪಕ್ಕಕ್ಕೆ ತಿರುಗಿತು. ‘ಟರ್ನ್ಡ್ ಆಫ್ ದ ಲೈಟ್’ ಅಂದರೆ ದೀಪ ಆರಿಸಿದ. ಬರಹದಲ್ಲಿ ಒಂದೇ ಎರಕ. ‘ಇಟ್’ ಹಾಕಿದರೆ ಬೇರಾಗುತ್ತವೆ. ದೀಪವನ್ನು ‘ಟರ್ನ್ಡ್ ಇಟ್ ಆಫ್’, ರಸ್ತೆಯಿಂದ ‘ಟರ್ನ್ಡ್ ಆಫ್ ಇಟ್’. ಕಿವಿಗೂ ಒಂದು ಗುರುತಿದೆ. ‘ಲುಕ್ ಅಟ್ ಇಟ್’ ಅನ್ನುವಾಗ ಒತ್ತು ‘ಲುಕ್’ ಮೇಲೆ, ‘ಅಟ್’ ಕೇಳಿಸಿಯೂ ಕೇಳಿಸದಂತೆ ಸರಿದು ಹೋಗುತ್ತದೆ. ‘ಲುಕ್ ಇಟ್ ಅಪ್’ ಅನ್ನುವಾಗ ‘ಅಪ್’ ಮೇಲೆ ಸ್ಪಷ್ಟವಾದ ಒತ್ತು. ನಾವು ಎಲ್ಲ ಪದವನ್ನೂ ಒಂದೇ ತೂಕದಲ್ಲಿ ಉಚ್ಚರಿಸುತ್ತೇವೆ, ಆದ್ದರಿಂದ ಕೇಳುವಾಗಲೂ ಈ ಸುಳಿವು ನಮಗೆ ದಕ್ಕುವುದಿಲ್ಲ. ಶಾಲೆಯಲ್ಲಿ ವ್ಯಾಕರಣವನ್ನು ಪುಟಗಟ್ಟಲೆ ಬರೆಸುತ್ತಾರೆ. ಈ ಒತ್ತನ್ನು ಒಮ್ಮೆ ಬಾಯಿಬಿಟ್ಟು ಹೇಳಿ ತೋರಿಸುವವರು ಕಡಿಮೆ.

— ಇಂಗ್ಲಿಷಿಗೆ ಈ ಗೀಳು ಎಲ್ಲಿಂದ ಹತ್ತಿತು? ಒಂದು ಕ್ರಿಯೆಗೆ ಒಂದು ಪದ ಇಟ್ಟುಕೊಂಡರೆ ಆಗುತ್ತಿರಲಿಲ್ಲವೇ?

— ಹಳೆಯ ಇಂಗ್ಲಿಷಿನಲ್ಲಿ ಬಾಲಂಗೋಚಿ ಹಿಂದೆ ಇರಲಿಲ್ಲ, ಹೆಚ್ಚಾಗಿ ತಲೆಯ ಮೇಲೆ ಇತ್ತು. ‘ಅಂಡರ್‌ಸ್ಟ್ಯಾಂಡ್’, ‘ಓವರ್‌ಕಮ್’, ‘ವಿತ್‌ಸ್ಟ್ಯಾಂಡ್’ ಇವೆಲ್ಲ ಆ ಕಾಲದ ಉಳಿಕೆಗಳು. ಆಮೇಲೆ ಸ್ಕ್ಯಾಂಡಿನೇವಿಯಾದಿಂದ ಬಂದ ವೈಕಿಂಗರು ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆನಿಂತರು. ಅವರ ನಾರ್ಸ್ ಭಾಷೆಯಲ್ಲಿ ಅವ್ಯಯ ಕ್ರಿಯಾಪದದ ನಂತರ ಬರುತ್ತಿತ್ತು. ಇಂಗ್ಲಿಷಿನ ಹೊಸ ಅಭ್ಯಾಸಕ್ಕೆ ಆ ಒಡನಾಟವೂ ಕಾರಣ ಎಂದು ಭಾಷಾಚರಿತ್ರೆ ಬರೆದವರು ಹೇಳುತ್ತಾರೆ. ಇವತ್ತು ಹಲವು ಬಾಲಂಗೋಚಿ ಕಟ್ಟಿಕೊಂಡು ತಿರುಗುವ ‘ಟೇಕ್’, ‘ಗೆಟ್’, ‘ಕಾಲ್’ ಮೂರೂ ನಾರ್ಸ್ ಮೂಲದವೇ. 12ನೇ ಶತಮಾನದ ಪೀಟರ್‌ಬರೋ ಕ್ರಾನಿಕಲ್ ಎಂಬ ಮಠದ ದಾಖಲೆಯಲ್ಲಿ ‘ಗಿವ್ ಅಪ್’ನ ಹಳೆಯ ರೂಪ ಆಗಲೇ ಸಿಗುತ್ತದೆ. ಈ ನಡುವೆ 1066ರಲ್ಲಿ ನಾರ್ಮನ್ನರು ಗೆದ್ದು ಬಂದರು. ಆಸ್ಥಾನದ ಮಾತು ಫ್ರೆಂಚ್, ಚರ್ಚಿನ ಬರಹ ಲ್ಯಾಟಿನ್. ಅಲ್ಲಿಂದ ‘ಸರೆಂಡರ್’, ‘ಪೋಸ್ಟ್‌ಪೋನ್’, ‘ಟಾಲರೇಟ್’ ಥರದ ಪದಗಳು ಕಾಲಕಾಲಕ್ಕೆ ಬಂದು ಸೇರಿದವು. ಹಟ್ಟಿಯ ಮಾತಿನಲ್ಲಿ ‘ಗಿವ್ ಅಪ್’, ‘ಪುಟ್ ಆಫ್’, ‘ಪುಟ್ ಅಪ್ ವಿತ್’ ಉಳಿದವು. ಇಂಗ್ಲಿಷಿನಲ್ಲಿ ಒಂದೇ ಕ್ರಿಯೆಗೆ ದರ್ಬಾರಿನ ಪದ ಒಂದು, ಅಡುಗೆಮನೆಯ ಪದ ಒಂದು ಇರುವುದು ಇದರಿಂದ.

— ನಮ್ಮಲ್ಲಿ ಮರಣಕ್ಕೂ ಸಾವಿಗೂ ಇರುವಂಥದ್ದು.

— ಹೌದು. ಈಗ ನೋಡು, ದರ್ಬಾರಿನ ಪದದ ಅಂಗಿ ಬಿಚ್ಚಿದರೆ ಒಳಗೆ ಅದೇ ಬಾಲಂಗೋಚಿ. ಲ್ಯಾಟಿನ್ನಿನಲ್ಲಿ ‘ಪೋಸ್ಟ್’ ಅಂದರೆ ಆಮೇಲೆ, ‘ಪೊನೆರೆ’ ಅಂದರೆ ಇಡು. ‘ಪೋಸ್ಟ್‌ಪೋನ್’ ಅಂದರೆ ಆಮೇಲಕ್ಕೆ ಇಡು. ‘ಸ್ಪೆಕೆರೆ’ ಅಂದರೆ ನೋಡು. ಒಳಗೆ ನೋಡಿದರೆ ‘ಇನ್‌ಸ್ಪೆಕ್ಟ್’. ತಿರುಗಿ ನೋಡಿದರೆ ‘ರೆಸ್ಪೆಕ್ಟ್’. ಅಡಿಯಿಂದ ನೋಡಿದರೆ ‘ಸಸ್ಪೆಕ್ಟ್’. ಕೆಳಕ್ಕೆ ನೋಡಿದರೆ ‘ಡಿಸ್ಪೈಸ್’. ‘ಲುಕ್ ಡೌನ್ ಆನ್’ ಎಂಬ ಹಳ್ಳಿಮಾತೂ ‘ಡಿಸ್ಪೈಸ್’ ಎಂಬ ಪಂಡಿತರ ಮಾತೂ ಅರ್ಥದಲ್ಲಿ ಪಡಿಯಚ್ಚು. ಒಂದರಲ್ಲಿ ಕೀಲು ಕಣ್ಣಿಗೆ ಕಾಣುತ್ತದೆ, ಇನ್ನೊಂದರಲ್ಲಿ ಮುಚ್ಚಿಹೋಗಿದೆ, ಅಷ್ಟೇ.

— ಇದು ಸಂಸ್ಕೃತದ ಉಪಸರ್ಗದ ಹಾಗಲ್ಲವೇ? ಹೈಸ್ಕೂಲಿನಲ್ಲಿ ಓದಿದ್ದು: ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ.

— ಎಲ್ಲದರ ಒಳಗೂ ‘ಹೃ’ ಎಂಬ ಒಂದೇ ಧಾತು. ಅದರ ಅರ್ಥ ಒಯ್ಯುವುದು, ತೆಗೆಯುವುದು. ತಿನ್ನುವುದಕ್ಕೂ ಕೊಲ್ಲುವುದಕ್ಕೂ ನಡುವೆ ಇರುವುದು ಒಂದು ಉಪಸರ್ಗದ ಅಂತರ. ಸಂಸ್ಕೃತ ವೈಯಾಕರಣರು ಇಂಥ 22 ಉಪಸರ್ಗಗಳನ್ನು ಎಣಿಸಿದ್ದಾರೆ. ಇದರಲ್ಲೇ ಇನ್ನೊಂದು ಚೆಂದದ ಸಂಗತಿ ಇದೆ. ಉಪಸರ್ಗ ಧಾತುವಿಗಿಂತ ಮೊದಲು ಬರಬೇಕು ಎಂದು ಪಾಣಿನಿ ಸೂತ್ರ ಮಾಡುತ್ತಾನೆ. ಅದರ ಬೆನ್ನಿಗೇ, ವೇದದ ಭಾಷೆಯಲ್ಲಿ ಅದು ಧಾತುವಿನ ನಂತರವೂ ಬರಬಹುದು, ನಡುವೆ ಬೇರೆ ಪದ ಸೇರಿಕೊಂಡಿರಲೂಬಹುದು ಎಂದು ಇನ್ನೆರಡು ಸೂತ್ರ ಸೇರಿಸುತ್ತಾನೆ. ಅಂದರೆ ‘ಲುಕ್ ದ ವರ್ಡ್ ಅಪ್’ ಎಂಬಲ್ಲಿ ನಮಗೆ ವಿಚಿತ್ರ ಅನ್ನಿಸುವ ಆ ಬಿಡಿಬಿಡಿ ಸ್ಥಿತಿ ಋಗ್ವೇದದ ಕ್ರಿಯಾಪದಗಳಲ್ಲೂ ಇತ್ತು. ಲೌಕಿಕ ಸಂಸ್ಕೃತದ ಹೊತ್ತಿಗೆ ಉಪಸರ್ಗ ಧಾತುವಿಗೆ ಅಂಟಿ ಬೆಸೆದುಹೋಯಿತು. ಇಂಗ್ಲಿಷ್ ತದ್ವಿರುದ್ಧವಾಗಿ, ಅಂಟಿದ್ದನ್ನು ಬಿಚ್ಚಿ ಹಿಂದಕ್ಕೆ ಕಟ್ಟಿತು. ಜರ್ಮನ್ ಇವತ್ತಿಗೂ ಎರಡನ್ನೂ ಇಟ್ಟುಕೊಂಡಿದೆ.

— ಅಚ್ಚಗನ್ನಡಕ್ಕೆ ಉಪಸರ್ಗವೇ ಇಲ್ಲ. ಅದಕ್ಕೇ ನಮಗೆ ಕಷ್ಟ ಇರಬೇಕು.

— ಕನ್ನಡ ಆ ಕೆಲಸವನ್ನು ಬೇರೆ ಕಡೆಯಿಂದ ಮಾಡಿಸಿಕೊಳ್ಳುತ್ತದೆ. ವಿಭಕ್ತಿ ಪ್ರತ್ಯಯ ಇದೆ, ಮೇಲೆ, ಒಳಗೆ, ಬಳಿ ಇವೆ, ಅವು ನಾಮಪದದ ಹಿಂದೆ ಬರುತ್ತವೆ. ಕ್ರಿಯೆಯ ಬಣ್ಣ ಬದಲಾಯಿಸಲು ಇನ್ನೊಂದು ಕ್ರಿಯಾಪದವನ್ನೇ ಹಿಂದೆ ಕಟ್ಟುತ್ತೇವೆ. ತಿಂದ, ತಿಂದುಬಿಟ್ಟ, ತಿಂದುಹಾಕಿದ. ಇಂಗ್ಲಿಷಿನ ‘ಈಟ್’ಗೆ ‘ಅಪ್’ ಸೇರಿ ಬರುವ ಪೂರ್ತಿ ಖಾಲಿಯಾಯಿತು ಎಂಬ ಅರ್ಥವನ್ನು ಇಲ್ಲಿ ‘ಹಾಕು’ ಕೊಡುತ್ತದೆ. ಹಾಕುವುದಕ್ಕೂ ತಟ್ಟೆ ಬರಿದಾಗುವುದಕ್ಕೂ ಏನು ಸಂಬಂಧ ಎಂದು ಹೊರಗಿನವನು ಕೇಳಿದರೆ ನಿನ್ನ ಬಳಿ ಉತ್ತರ ಇದೆಯೇ?

— ಇಲ್ಲ.

— ಇನ್ನು ‘ಕೈ’ ತೆಗೆದುಕೋ. ಕೈ ಹಿಡಿದರೆ ಮದುವೆ, ಕೈ ಬಿಟ್ಟರೆ ತ್ಯಾಗ, ಕೈ ಹಾಕಿದರೆ ಆರಂಭ, ಕೈ ಮಾಡಿದರೆ ಹೊಡೆತ, ಕೈ ಚೆಲ್ಲಿದರೆ ಸೋಲು, ಕೈ ಕೊಟ್ಟರೆ ಮೋಸ. ಸಹಾಯಕ್ಕೆ ಚಾಚಬೇಕಾದ ಕೈಯನ್ನು ಕೊಟ್ಟರೆ ಮೋಸ ಹೇಗಾಯಿತು? ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಿಂದ 1894ರಲ್ಲಿ ನಿಘಂಟು ತಂದ ಜರ್ಮನ್ ಪಾದ್ರಿ ಕಿಟ್ಟೆಲ್ ಅವರ ಪಾಡು ನೆನೆಸಿಕೋ. ನಾವು ‘ಪುಟ್ ಅಪ್ ವಿತ್’ ಮುಂದೆ ನಿಂತಷ್ಟೇ ಕಕ್ಕಾಬಿಕ್ಕಿಯಾಗಿ ಹೊರಗಿನಿಂದ ಬಂದವರು ನಮ್ಮ ‘ಕೈಕೊಡು’ ಮುಂದೆ ನಿಲ್ಲುತ್ತಾರೆ.

— ಹಾಗಾದರೆ ನೀವೇ ಒಪ್ಪಿದಂತಾಯಿತು, ತರ್ಕ ಇಲ್ಲ ಎಂದು. ‘ಲುಕ್’ಗೆ ಚಿತ್ರ ಹೊಂದಿತು. ‘ಪುಟ್ ಅಪ್ ವಿತ್’ಗೆ ಯಾವ ಚಿತ್ರ ಬರೆಯುತ್ತೀರಿ? ಅಮೆರಿಕದಲ್ಲಿ ಅರ್ಜಿಯನ್ನು ‘ಫಿಲ್ ಔಟ್’ ಮಾಡುತ್ತಾರೆ, ಬ್ರಿಟನ್ನಿನಲ್ಲಿ ‘ಫಿಲ್ ಇನ್’. ಒಳಗೂ ಹೊರಗೂ ಒಂದೇ ಅರ್ಥ. ಮನೆ ‘ಬರ್ನ್ ಡೌನ್’ ಆದರೆ ಸುಟ್ಟುಹೋಯಿತು, ಕಾಗದ ‘ಬರ್ನ್ ಅಪ್’ ಆದರೂ ಸುಟ್ಟುಹೋಯಿತು. ನೀವು ಹೇಳಿದ್ದೆಲ್ಲ ಅರ್ಥ ಗೊತ್ತಾದ ಮೇಲೆ ಕಟ್ಟಿದ ಕಥೆ.

— ಮನೆ ಕುಸಿದು ನೆಲಕ್ಕೆ ಬಂತು, ಆದ್ದರಿಂದ ‘ಡೌನ್’. ಕಾಗದ ಸುಟ್ಟು ಪೂರ್ತಿ ಮುಗಿಯಿತು, ಆದ್ದರಿಂದ ‘ಅಪ್’. ಅರ್ಜಿಯ ಖಾಲಿ ಜಾಗದ ಒಳಗೆ ಬರೆದರೆ ‘ಇನ್’, ಇಡೀ ಅರ್ಜಿ ಮೂಲೆಮೂಲೆಯವರೆಗೆ ತುಂಬಿದರೆ ‘ಔಟ್’. ಎರಡು ನೋಟ, ಒಂದು ಕೆಲಸ.

— ನೋಡಿ, ಯಾವುದನ್ನು ಕೊಟ್ಟರೂ ಕಥೆ ಹೊಸೆಯುತ್ತೀರಿ!

— ನಿನ್ನ ಸಂಶಯಕ್ಕೆ ಅರ್ಧ ಗೆಲುವು ಕೊಡುತ್ತೇನೆ. ಈ ಚಿತ್ರಗಳು ಭವಿಷ್ಯ ಹೇಳಲಾರವು. ‘ಪುಟ್’, ‘ಅಪ್’, ‘ವಿತ್’ ಮೂರನ್ನೂ ಕೈಗೆ ಕೊಟ್ಟು ಅರ್ಥ ಹೇಳು ಎಂದರೆ ಯಾರೂ ‘ಸಹಿಸಿಕೋ’ ಎನ್ನಲಾರರು. ಆದರೆ ಒಮ್ಮೆ ಅರ್ಥ ಗೊತ್ತಾದ ಮೇಲೆ ನೆನಪಿನಲ್ಲಿ ಉಳಿಸಿಕೊಳ್ಳಲು ಚಿತ್ರ ಬೇಕು. ಇದು ನನ್ನೊಬ್ಬನ ಹುಚ್ಚಲ್ಲ. ಸೂಸನ್ ಲಿಂಡ್ನರ್ 1981ರಲ್ಲಿ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧ ಪೂರ್ತಿ ‘ಅಪ್’ ಮತ್ತು ‘ಔಟ್’ ಸೇರಿದ ಕ್ರಿಯಾಪದಗಳ ಬಗ್ಗೆಯೇ ಇದೆ. ಅದಕ್ಕೆ ಒಂದು ವರ್ಷ ಮುಂಚೆ ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ ಅವರ ರೂಪಕಗಳ ಪುಸ್ತಕ ಬಂದಿತ್ತು. ಮೇಲೆ, ಕೆಳಗೆ, ಒಳಗೆ, ಹೊರಗೆ ಎಂಬ ಮೈಯ ಅನುಭವದಿಂದಲೇ ನಾವು ಕಣ್ಣಿಗೆ ಕಾಣದ್ದನ್ನೂ ಯೋಚಿಸುತ್ತೇವೆ ಎಂಬುದು ಅವರ ವಾದ. ‘ಗೆಟ್ ಓವರ್’ನಲ್ಲಿ ಕಾಯಿಲೆ ಒಂದು ದಿಣ್ಣೆ, ಅದನ್ನು ಹತ್ತಿ ಆಚೆ ಇಳಿದದ್ದು. ಕನ್ನಡದಲ್ಲಿ ಕಷ್ಟವನ್ನು ದಾಟಿದೆವು ಅನ್ನುತ್ತೇವಲ್ಲ. ‘ಗೆಟ್ ಥ್ರೂ’ ಆದರೆ ದಿಣ್ಣೆ ಹತ್ತಲಿಲ್ಲ, ಒಳಗೆ ನುಸುಳಿ ಆಚೆ ಬಂದದ್ದು. ಪರೀಕ್ಷೆಗೆ ‘ಗೆಟ್ ಥ್ರೂ’, ದುಃಖಕ್ಕೆ ‘ಗೆಟ್ ಓವರ್’.

— ಸರಿ, ಇವೆರಡು ಇನ್ನು ಮರೆಯುವುದಿಲ್ಲ.

— ಹಾಗೆಂದು ‘ಪುಟ್ ಅಪ್ ವಿತ್’ಗೆ ಚಿತ್ರ ಹುಡುಕುತ್ತ ಕೂರಬೇಡ. ಅದನ್ನು ಹಾಗೇ ನುಂಗಬೇಕು. ಚಿಕ್ಕ ಪದಗಳಿಂದ ಎಲ್ಲ ಸುಲಭವಾಗುತ್ತದೆ ಎಂದು ನಂಬಿ ಕೆಟ್ಟ ದೊಡ್ಡ ಪ್ರಯೋಗ ಒಂದಿದೆ. ಸಿ.ಕೆ. ಆಗ್ಡೆನ್ ಎಂಬ ಕೇಂಬ್ರಿಜ್ ವಿದ್ವಾಂಸ 1930ರಲ್ಲಿ ‘ಬೇಸಿಕ್ ಇಂಗ್ಲಿಷ್’ ಪ್ರಕಟಿಸಿದ. ಜಗತ್ತಿನವರೆಲ್ಲ ಬೇಗ ಕಲಿಯಲಿ ಎಂದು ಕೇವಲ 850 ಪದಗಳ ಇಂಗ್ಲಿಷ್. ಅದರಲ್ಲಿ ಕ್ರಿಯಾಪದಗಳು 18 ಮಾತ್ರ. ಚರ್ಚಿಲ್ 1943ರಲ್ಲಿ ಹಾರ್ವರ್ಡಿನ ಭಾಷಣದಲ್ಲಿ ಅದನ್ನು ಹೊಗಳಿದರು. ಹದಿನೆಂಟರಲ್ಲಿ ಬದುಕು ನಡೆಯುವುದು ಹೇಗೆ? ‘ಎಂಟರ್’ ತೆಗೆದು ‘ಗೋ ಇನ್’, ‘ಸರೆಂಡರ್’ ತೆಗೆದು ‘ಗಿವ್ ಅಪ್’. ಎಲ್ಲ ಹೊರೆಯೂ ಪ್ರಿಪೊಸಿಷನ್‌ಗಳ ಹೆಗಲಿಗೆ. ಪದ ಕಡಿಮೆಯಾಯಿತು, ಕಷ್ಟ ಕಡಿಮೆಯಾಗಲಿಲ್ಲ. ‘ಸರೆಂಡರ್’ ಕಲಿಯುವವನಿಗೆ ಒಂದು ಪದ ಕಲಿತರೆ ಮುಗಿಯಿತು. ‘ಗಿವ್ ಅಪ್’ ಕಲಿಯುವವನು ಎರಡು ಪದ ಕಲಿತು, ಅವೆರಡನ್ನೂ ಮರೆತು, ಮೂರನೆಯ ಅರ್ಥ ಕಲಿಯಬೇಕು.

— ಈ ಕಷ್ಟ ಇಂಗ್ಲಿಷಿನ ಹಿರಿಯರಿಗೆ ಗೊತ್ತಿರಲಿಲ್ಲವೇ?

— ಚೆನ್ನಾಗಿ ಗೊತ್ತಿತ್ತು. ಡಾ. ಸ್ಯಾಮ್ಯುಯೆಲ್ ಜಾನ್ಸನ್ 1755ರ ತನ್ನ ನಿಘಂಟಿನ ಮುನ್ನುಡಿಯಲ್ಲೇ, ಹೊರನಾಡಿನವರಿಗೆ ಇಂಗ್ಲಿಷಿನಲ್ಲಿ ಅತಿ ಹೆಚ್ಚು ತೊಂದರೆ ಕೊಡುವುದು ಇದೇ ಎಂದು ಬರೆದ. ‘ಫಾಲ್ ಆನ್’, ‘ಬ್ರೇಕ್ ಆಫ್’, ‘ಸೆಟ್ ಔಟ್’ ಎಂದು ಉದಾಹರಣೆ ಕೊಟ್ಟು, ತಾನು ಇವನ್ನು ಬಹಳ ಶ್ರದ್ಧೆಯಿಂದ ಕೂಡಿಸಿದ್ದೇನೆ, ಇನ್ನು ಕಲಿಯುವವರಿಗೆ ಇದು ದಾಟಲಾಗದ ಅಡ್ಡಿಯಾಗಲಾರದು ಎಂಬ ಭರವಸೆಯನ್ನೂ ಕೊಟ್ಟ. ಕೊಟ್ಟು 270 ವರ್ಷ ಆಯಿತು. ಇದಕ್ಕೆ ಫ್ರೇಸಲ್ ವರ್ಬ್ ಎಂಬ ಹೆಸರು ಬೇರೂರಿದ್ದಂತೂ 20ನೇ ಶತಮಾನದಲ್ಲಿ. ಲೋಗನ್ ಪಿಯರ್ಸಾಲ್ ಸ್ಮಿತ್ 1925ರ ತನ್ನ ಪುಸ್ತಕದಲ್ಲಿ ಆ ಹೆಸರು ಬಳಸಿ, ಅದನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಎಂದು ಹೇಳಿದ.

— ಒಂದು ಕಳ್ಳ ಪ್ರಶ್ನೆ. ಇವನ್ನು ಬಳಸದೆಯೇ ಬದುಕಿದರೆ? ‘ಟಾಲರೇಟ್’, ‘ಪೋಸ್ಟ್‌ಪೋನ್’, ‘ಇನ್ವೆಸ್ಟಿಗೇಟ್’ ಎಂದು ಒಂದೊಂದೇ ಪದ ಹೇಳಿದರೆ ತಪ್ಪೇನಿಲ್ಲವಲ್ಲ.

— ಬಹಳ ಜನ ಅದನ್ನೇ ಮಾಡುತ್ತಾರೆ. ಹೀಬ್ರೂ ಭಾಷಿಕರು ಫ್ರೇಸಲ್ ವರ್ಬ್ ಬಂದರೆ ಪಕ್ಕಕ್ಕೆ ಸರಿಯುತ್ತಾರೆ ಎಂದು 1985ರಲ್ಲಿ ಒಂದು ಅಧ್ಯಯನ ಬಂತು. ಹೀಬ್ರೂವಿನಲ್ಲಿ ಅಂಥ ರಚನೆ ಇಲ್ಲ, ಅದಕ್ಕೇ ಎಂದರು. 1989ರಲ್ಲಿ ಡಚ್ಚರನ್ನು ನೋಡಿದರು. ಡಚ್ ಭಾಷೆಯಲ್ಲಿ ಈ ರಚನೆ ಧಾರಾಳವಾಗಿದೆ, ಆದರೂ ಕೆಲವನ್ನು ಅವರೂ ತಪ್ಪಿಸುತ್ತಿದ್ದರು, ಅದರಲ್ಲೂ ಅರ್ಥ ನೇರವಾಗಿ ಹೊಳೆಯದಂಥವನ್ನು. ವ್ಯಾಕರಣ ಗೊತ್ತಿದ್ದರೂ ಅರ್ಥದ ಭಯ ಹೋಗುವುದಿಲ್ಲ. ನಿನ್ನ ಪ್ರಶ್ನೆಗೆ ಉತ್ತರ ಬೇಕಿದ್ದರೆ, ಕೋರ್ಟಿನ ಅರ್ಜಿ, ಸಂಶೋಧನಾ ಲೇಖನ, ಸರ್ಕಾರಿ ಪತ್ರ ಇವುಗಳಲ್ಲಿ ಲ್ಯಾಟಿನ್ ಪದವೇ ಸಲೀಸು, ಅಲ್ಲಿ ‘ಪುಟ್ ಅಪ್ ವಿತ್’ ಹಗುರ ಎನ್ನಿಸುತ್ತದೆ. ಆದರೆ ಗೆಳೆಯನಿಗೆ ‘ನಿನ್ನ ಗೊರಕೆಯನ್ನು ನಾನು ಟಾಲರೇಟ್ ಮಾಡುತ್ತಿದ್ದೇನೆ’ ಎಂದು ಇಂಗ್ಲಿಷಿನಲ್ಲಿ ಹೇಳಿದರೆ, ಕನ್ನಡದಲ್ಲಿ ‘ತವ ಘುರ್ಘುರವನ್ನು ಸಹಿಸುತ್ತಿರುವೆನು’ ಅಂದ ಹಾಗೆ. ಭಾರತದವರ ಇಂಗ್ಲಿಷ್ ಫೈಲಿನ ವಾಸನೆ ಹೊಡೆಯುತ್ತದೆ ಎನ್ನುವುದಕ್ಕೆ ಇದೊಂದು ಕಾರಣ. ಮಾತಾಡುವುದು ನೀನು ಬಿಟ್ಟರೂ ಕೇಳುವುದು ತಪ್ಪುವುದಿಲ್ಲ. ಎದುರಿನವರು ಆಡುವುದು ಅದೇ ಭಾಷೆ.

— ನಾವು ಪೂರ್ತಿ ಬಿಟ್ಟೂ ಇಲ್ಲ. ನಾಮಪದ ಮಾಡಿ ಕನ್ನಡದೊಳಗೆ ಇಟ್ಟುಕೊಂಡಿದ್ದೇವೆ. ಮೇಕಪ್, ಚೆಕಪ್, ಬ್ಯಾಕಪ್, ಸೆಟಪ್, ಬ್ರೇಕಪ್. ಸಿನಿಮಾ ಮಂದಿಗೆ ಗೆಟಪ್ಪು, ಕಟೌಟು. ಚಿತ್ರ ಎರಡನೇ ವಾರ ಪಿಕಪ್ ಆಯಿತು ಅನ್ನುತ್ತಾರೆ.

— ‘ಸುಮ್ನೆ ಬಿಲ್ಡಪ್ ಕೊಡ್ಬೇಡ’ ಎಂಬುದನ್ನು ಮರೆತೆಯಲ್ಲ. ಇಂಗ್ಲಿಷಿನ ‘ಬಿಲ್ಡಪ್’ನಲ್ಲಿ ಹೊಗಳಿ ಏರಿಸುವ ಅರ್ಥ ಇದೆ, ಆದರೆ ‘ಕೊಡು’ ಸೇರಿ ಅದು ಜಂಬ ಕೊಚ್ಚುವುದಾದದ್ದು ನಮ್ಮ ಕೈಯಲ್ಲಿ. ಅವರ ಬಾಲಂಗೋಚಿಗೆ ನಮ್ಮದೊಂದು ಬಾಲಂಗೋಚಿ.

— ಹಾಗಾದರೆ ‘ಪಾಸ್ ಔಟ್’ ಕೂಡ ನಮ್ಮದೇ ಎಂದು ಇಟ್ಟುಕೊಳ್ಳೋಣವೇ? ಎಲ್ಲರ ಬಯೋಡೇಟಾದಲ್ಲೂ ಅದೇ ಇದೆ.

— ಇಟ್ಟುಕೋ. ಸೈನ್ಯದ ‘ಪಾಸಿಂಗ್ ಔಟ್ ಪರೇಡ್’ನಲ್ಲಿ ಬ್ರಿಟಿಷರೂ ಅದೇ ಅರ್ಥದಲ್ಲಿ ಬಳಸುತ್ತಾರೆ. ಆದರೆ ಕಾಲೇಜಿನ ಬಗ್ಗೆ ಹೇಳಿದರೆ ಇಂಗ್ಲೆಂಡಿನವನಿಗೂ ಅಮೆರಿಕದವನಿಗೂ ನೀನು ಮೂರ್ಛೆ ಹೋದೆ ಎಂದು ಕೇಳಿಸಬಹುದು. ಇದು ತಪ್ಪಲ್ಲ, ಪ್ರದೇಶಭೇದ. ತಪ್ಪುಗಳು ಬೇರೆ ಇವೆ. ‘ಡಿಸ್ಕಸ್ ಅಬೌಟ್’ ಅವುಗಳಲ್ಲಿ ಒಂದು. ‘ಡಿಸ್ಕಸ್’ಗೆ ಯಾವ ಪ್ರಿಪೊಸಿಷನ್ನೂ ಬೇಡ. ‘ಬಗ್ಗೆ ಚರ್ಚಿಸಿದೆವು’ ಎನ್ನುವ ಕನ್ನಡದ ‘ಬಗ್ಗೆ’ ಹೋಗಿ ಅಲ್ಲಿ ಕೂತಿದೆ. ‘ಲುಕಿಂಗ್ ಫಾರ್ವರ್ಡ್ ಟು ಮೀಟ್ ಯೂ’ ಇನ್ನೊಂದು. ಅಲ್ಲಿ ‘ಟು’ ಪ್ರಿಪೊಸಿಷನ್, ಅದರ ಮುಂದೆ ನಾಮಪದದ ಜಾತಿಯದ್ದೇ ಬರಬೇಕು. ಆದ್ದರಿಂದ ‘ಟು ಮೀಟಿಂಗ್ ಯೂ’. ‘ಮೀಟ್’ ಜಾಗದಲ್ಲಿ ‘ಇಟ್’ ಹಾಕಿ ನೋಡು. ‘ಲುಕಿಂಗ್ ಫಾರ್ವರ್ಡ್ ಟು ಇಟ್’ ಸರಿಹೋಗುತ್ತದೆ, ಅಂದಮೇಲೆ ಅದು ಪ್ರಿಪೊಸಿಷನ್ನೇ.

— ಎಷ್ಟು ಕಲಿತರೆ ಸಾಕು? ಸಾವಿರಗಟ್ಟಲೆ ಇವೆ ಅನ್ನುತ್ತಾರೆ.

— ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ದೊಡ್ಡ ಪಠ್ಯಸಂಗ್ರಹವನ್ನು ಎಣಿಸಿ ಡೀ ಗಾರ್ಡ್ನರ್ ಮತ್ತು ಮಾರ್ಕ್ ಡೇವಿಸ್ 2007ರಲ್ಲಿ ಒಂದು ಲೆಕ್ಕ ಕೊಟ್ಟರು. ಅದರಲ್ಲಿ ಬಂದ ಫ್ರೇಸಲ್ ವರ್ಬ್ ಬಳಕೆಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಕೇವಲ 100 ಜೋಡಿಗಳದ್ದು. ಮೊದಲ ಸ್ಥಾನ ‘ಗೋ ಆನ್’ಗೆ. ಹಿಗ್ಗಬೇಡ, ಆ ನೂರಕ್ಕೆ ಸರಾಸರಿ ಐದಕ್ಕಿಂತ ಹೆಚ್ಚು ಅರ್ಥಗಳಿವೆ. ಆದರೂ ಸಾವಿರಕ್ಕಿಂತ ನೂರು ವಾಸಿ. ಒಂದು ಜೋಡಿ ಎದುರಾದಾಗ ಜೋಡಿಯನ್ನಷ್ಟೇ ಬರೆದುಕೊಳ್ಳಬೇಡ, ಅದು ಬಂದ ಇಡೀ ವಾಕ್ಯ ಬರೆದುಕೋ. ‘ಮೇಕ್ ಅಪ್’ ಎಂದು ಒಂಟಿಯಾಗಿ ಬರೆದರೆ ಮುಖಕ್ಕೆ ಬಣ್ಣವೋ, ಕಟ್ಟುಕಥೆಯೋ, ರಾಜಿಯೋ ಗೊತ್ತಾಗುವುದಿಲ್ಲ. ‘ಮೇಕ್ ಅಪ್ ಎ ಸ್ಟೋರಿ’ ಎಂದರೆ ಗೊತ್ತಾಗುತ್ತದೆ. ಪುಟದ ತಲೆಬರಹಕ್ಕೆ ಕ್ರಿಯಾಪದ ಹಾಕಬೇಡ, ‘ಓವರ್’, ‘ಇಂಟು’, ‘ಆಫ್ಟರ್’, ‘ಥ್ರೂ’ ಎಂದು ಹಾಕು. ಒಂದೇ ಪುಟದಲ್ಲಿ ‘ಲುಕ್ ಆಫ್ಟರ್’, ‘ಟೇಕ್ ಆಫ್ಟರ್’, ‘ಆಸ್ಕ್ ಆಫ್ಟರ್’ ಮೂರೂ ಸೇರಿದ ದಿನ ‘ಆಫ್ಟರ್’ ಏನು ಮಾಡುತ್ತಿದೆ ಎಂದು ನಿನಗೇ ಕಾಣುತ್ತದೆ.

— ಕಂಡರೆ ಒಪ್ಪುತ್ತೇನೆ. ಸದ್ಯಕ್ಕೆ, ಇದನ್ನೆಲ್ಲ ಹೇಗಾದರೂ ‘ಕೋಪ್ ಅಪ್ ವಿತ್’ ಮಾಡಬೇಕು.

— ‘ಕೋಪ್ ವಿತ್’. ಅಲ್ಲಿ ‘ಅಪ್’ ಇಲ್ಲ. ‘ಕ್ಯಾಚ್ ಅಪ್ ವಿತ್’, ‘ಕೀಪ್ ಅಪ್ ವಿತ್’ ನೋಡಿ ನಾವು ಭಾರತೀಯರು ಸೇರಿಸಿಕೊಂಡದ್ದು ಅದು. ಇಂದಿನಿಂದಲೇ ತೆಗೆದುಹಾಕು.